ಮಗು ಚೆನ್ನಾಗಿದೆ, ಬಾಣಂತಿ?

ಬಾಣಂತಿಯನ್ನು ನೋಡಲು ಬಂದವರು ಮೊದಲು ತೊಟ್ಟಿಲಿಗೆ ಬಾಗುತ್ತಾರೆ. ತೂಕ ಎಷ್ಟು, ಯಾರ ಹೋಲಿಕೆ, ಹಾಲು ಸಾಲುತ್ತಾ ಎಂದೆಲ್ಲ ವಿಚಾರಿಸುತ್ತಾರೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಗೋಡೆಗೆ ಒರಗಿದವಳನ್ನು ‘ನಿನಗೆ ನಿದ್ದೆ ಬರ್ತಿದೆಯೇನಮ್ಮಾ?’ ಎಂದು ಕೇಳುವವರು ಅಪರೂಪ.

ನಮ್ಮ ಬಾಣಂತನ ಮೈಯ ಆರೈಕೆಯಲ್ಲಿ ಪಳಗಿದ್ದು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಸಬ್ಬಸಿಗೆ ಸೊಪ್ಪು, ಮೆಂತ್ಯದ ಉಂಡೆ ಎಲ್ಲಕ್ಕೂ ಹೊತ್ತು, ಲೆಕ್ಕ ಉಂಟು. ಕಣ್ಣೀರಿಗೆ ಮಾತ್ರ ‘ಬಾಣಂತಿ ಅಳಬಾರದು’ ಎಂಬ ಒಂದೇ ಮದ್ದು.

ಅಳು ಬರುವುದು ಸಹಜ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ, ಹಾರ್ಮೋನುಗಳು ಸರ್ರನೆ ಇಳಿದು ನಿದ್ದೆಯೂ ಕೆಟ್ಟಾಗ, ಎಷ್ಟೋ ತಾಯಂದಿರ ಕಣ್ಣು ಕಾರಣವಿಲ್ಲದೆ ತುಂಬುತ್ತದೆ. ಎರಡು ವಾರದೊಳಗೆ ಅದು ತಾನಾಗಿ ತಿಳಿಯಾಗುತ್ತದೆ. ಆಮೇಲೂ ಮಂಕು ಕವಿದೇ ಇದ್ದರೆ ಖಿನ್ನತೆಯನ್ನು ಶಂಕಿಸಬೇಕು. ಭಾರತದ 38 ಅಧ್ಯಯನಗಳ 20 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ವರದಿಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂತು. ಅದರ ಅಂದಾಜಿನಂತೆ ಶೇ 22ರಷ್ಟು ತಾಯಂದಿರನ್ನು ಹೆರಿಗೆ ನಂತರದ ಖಿನ್ನತೆ ಕಾಡುತ್ತದೆ.

ಇಂಥ ಮನಸ್ಸಿಗೆ ಈಗ ಹೇಳಲಾಗುತ್ತಿರುವ ಅಭ್ಯಾಸ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸರಿ-ತಪ್ಪೆನ್ನದೆ ಗಮನಿಸುವುದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಅದನ್ನು ರೋಗಿಗಳಿಗೆಂದು ಎಂಟು ವಾರಗಳ ತರಬೇತಿಯಾಗಿ ರೂಪಿಸಿದರು. ಸೂಲಗಿತ್ತಿ ನರ್ಸ್ ನ್ಯಾನ್ಸಿ ಬಾರ್ಡಕಿ ಅದನ್ನು ಗರ್ಭಿಣಿಯರಿಗೆ ಒಗ್ಗಿಸಿದರು. ಚಾಪೆ ಹಾಸಿ ಕೂರಲು ಬಾಣಂತಿಗೆ ಪುರುಸೊತ್ತೆಲ್ಲಿ? ಹಾಲೂಡಿಸುವ ಹೊತ್ತೇ ಸಾಕು. ಕಿವಿವರೆಗೆ ಏರಿದ ಹೆಗಲನ್ನು ಇಳಿಸುವುದು. ಮಗುವಿನ ಗಂಟಲಿನ ಗುಳಕ್ ಸದ್ದಿಗೆ ಕಿವಿಗೊಡುವುದು. ಅಂಗೈಯಲ್ಲಿರುವ ಪುಟ್ಟ ಹಿಮ್ಮಡಿ ಬೆಚ್ಚಗಿದೆಯಾ ಎಂದು ಗಮನಿಸುವುದು. ‘ಹಾಲು ಸಾಲದೇ ಹೋದರೆ?’ ಎಂಬ ಯೋಚನೆ ಬಂದೇ ಬರುತ್ತದೆ. ಬಂತು ಎಂದು ಗುರುತಿಸಿ, ತನ್ನನ್ನು ಬೈದುಕೊಳ್ಳದೆ, ಮತ್ತೆ ಆ ಸದ್ದಿಗೇ ಮರಳುವುದು.

ಆದರೆ ಇದು ಅವಳ ಹೆಗಲಿಗೆ ಇನ್ನೊಂದು ಕೆಲಸವಾಗಬಾರದು. ಮೂರು ರಾತ್ರಿ ನಿದ್ದೆಗೆಟ್ಟವಳಿಗೆ ಬೇಕಿರುವುದು ‘ಮಗೂನ ನಾನು ನೋಡ್ಕೋತೀನಿ, ನೀನು ಮಲಗು’ ಎಂಬ ಮಾತು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಬಾಣಂತಿಯರ ಖಿನ್ನತೆಯನ್ನು ಬಡತನ, ದಾಂಪತ್ಯದ ಬಿರುಕು, ಹುಟ್ಟಿದ್ದು ಹೆಣ್ಣು ಎಂಬುದರ ಜೊತೆ ತಳುಕು ಹಾಕಿತ್ತು. ‘ಮತ್ತೆ ಹೆಣ್ಣಾ?’ ಎನ್ನುವ ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಬಾಣಂತಿಯ ಉಸಿರಾಟವಲ್ಲ.

ಊರ ಕಡೆ ‘ಬಾಣಂತಿ ಸನ್ನಿ’ ಎನ್ನುವುದು ಬೇರೆಯೇ ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡು ಕಡೆ ಕಾಣುತ್ತದೆ. ಬಾಣಂತಿಗೆ ನಿದ್ದೆಯೇ ಹತ್ತುವುದಿಲ್ಲ, ಮಾತು ದಿಕ್ಕು ತಪ್ಪುತ್ತದೆ, ಮನೆಯವರ ಮೇಲೇ ಸಂಶಯ. ಇದಕ್ಕೆ ಧ್ಯಾನವೂ ಅಲ್ಲ, ತಾಯತವೂ ಅಲ್ಲ; ಅದೇ ದಿನ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕ ತೆರೆಯಿತು; ದೇಶದಲ್ಲಿ ಅದೇ ಮೊದಲು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಖಿನ್ನತೆ ಪತ್ತೆಗೆ 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ. ಕೊನೆಯದು, ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆ ಬೇಡ. ‘ಹೌದು’ ಎಂದರೆ ಅವಳನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಕರೆ ಬಾಣಂತಿಯೇ ಮಾಡಬೇಕೆಂದಿಲ್ಲ. ಗಂಡನೂ ಮಾಡಬಹುದು, ಅಮ್ಮನೂ ಮಾಡಬಹುದು.