ಹಸಿರು ಶಾಲಿನ ಪ್ರತಿನಿಧಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಸಹ್ಯಾದ್ರಿಯ ಮಡಿಲಿನಲ್ಲಿ, ಕಣಕುಂಬಿ ಎಂಬ ಪುಟ್ಟ ಗ್ರಾಮವಿದೆ. ಮಲಪ್ರಭಾ ನದಿಯ ಉಗಮಸ್ಥಾನ ಇದೇ. ಇಲ್ಲಿ ಬಾಲಕನೊಬ್ಬನು ದಾಟಬಲ್ಲಷ್ಟು ಕಿರಿದಾಗಿ ಹುಟ್ಟುವ ಹೊಳೆ, ಬಯಲುಸೀಮೆಗೆ ಇಳಿದು, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಒಳಗಾಗಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾನು ಈ ಸೀಮೆಯಲ್ಲಿ ಅಧ್ಯಾಪಕನಾಗಿದ್ದಾಗ, ನಕಾಶೆಯ ಮೇಲೆ ಈ ನದಿಯ ದಾರಿಯನ್ನು ತೋರಿಸುತ್ತಿದ್ದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಗುರುಗಳೇ, ನಮ್ಮೂರಿನ ನೀರು ಅಷ್ಟು ದೂರ ಹೋಗುತ್ತದೆ, ನಮ್ಮೂರಿನ ಮಾತು ಏಕೆ ಹೋಗುವುದಿಲ್ಲ?” ಎಂದು ಕೇಳಿದನು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಕಡಿದುಹೋಗುವ ಊರಿನವನು ಅವನು. ಅವನ ಪ್ರಶ್ನೆಗೆ ಉತ್ತರವಾಗಿ ಈ ಜಿಲ್ಲೆಯ ಜನಪ್ರತಿನಿಧಿಯೊಬ್ಬರ ಜೀವನವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಪ್ರತಿನಿಧಿ ಎಂದರೆ ಇನ್ನೊಬ್ಬರ ಪರವಾಗಿ ನಿಲ್ಲುವವನು. ಊರಿನ ಎಲ್ಲರೂ ರಾಜಧಾನಿಗೆ ಹೋಗಿ ಮಾತನಾಡುವುದು ಸಾಧ್ಯವಿಲ್ಲದ ಕಾರಣ, ತಮ್ಮ ಮಾತನ್ನು ಒಬ್ಬನ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ. ಆ ಮಾತು ಅವನದಲ್ಲ. ಅವನು ಅದನ್ನು ಹೊತ್ತವನು ಮಾತ್ರ. ಬಾಬಾಗೌಡ ಪಾಟೀಲರು ಇಂತಹ ಹೊರೆಯನ್ನು ಹೊತ್ತವರು.

ಬಾಬಾಗೌಡರು ಬೈಲಹೊಂಗಲ ತಾಲೂಕಿನ ಚಿಕ್ಕಬಾಗೇವಾಡಿಯವರು. ಕಿತ್ತೂರು, ಸಂಗೊಳ್ಳಿಗಳ ನೆರೆಯ ಸೀಮೆ ಅದು. 1824ರಲ್ಲಿ ರಾಣಿ ಚೆನ್ನಮ್ಮ ಕಂಪನಿ ಸರಕಾರವನ್ನು ಎದುರಿಸಿದ ಕಥೆಯನ್ನೂ, 1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣ ಗಲ್ಲಿಗೇರಿದ ಕಥೆಯನ್ನೂ ಕೇಳಿ ಬೆಳೆಯದ ಮಕ್ಕಳು ಅಲ್ಲಿ ಇರಲಾರರು. ಅಧಿಕಾರಕ್ಕೆ ಅಂಜದೆ ನಿಲ್ಲುವುದು ಆ ನೆಲಕ್ಕೆ ಹೊಸ ಪಾಠವಲ್ಲ.

ಅವರನ್ನು ಸಾರ್ವಜನಿಕ ಜೀವನದ ನಡುವೆ ತಂದು ನಿಲ್ಲಿಸಿದ ರೈತ ಚಳವಳಿಯ ಮೂಲ ಮಲಪ್ರಭೆಯ ನೀರಿನಲ್ಲಿಯೇ ಇದೆ. ಕಾಲುವೆ ಬಂದಾಗ ಒಣಭೂಮಿಯ ಬೆಲೆ ಏರುತ್ತದೆ. ಹಾಗೆ ಏರಿದ ಬೆಲೆಯಲ್ಲಿ ಒಂದು ಪಾಲನ್ನು ರೈತನು ಸರಕಾರಕ್ಕೆ ಕೊಡಬೇಕು ಎಂಬುದು ಅಭಿವೃದ್ಧಿ ಕರದ ತತ್ತ್ವ. ಕಾಗದದ ಮೇಲೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಕಾಲುವೆಯ ತುದಿಯ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ತಲುಪಿದ ಕಡೆ ಎರೆಭೂಮಿ ಜೌಗು ಹಿಡಿಯತೊಡಗಿತ್ತು. ಅದೇ ಹೊತ್ತಿಗೆ ಹತ್ತಿಯ ಧಾರಣೆ ಕುಸಿಯಿತು. ಏರಿದ ಬೆಲೆಯನ್ನು ಕಣ್ಣಿನಿಂದ ಕಾಣದ ರೈತನ ಮನೆಗೆ ಕರದ ನೋಟೀಸು ಮಾತ್ರ ತಪ್ಪದೆ ಬಂದಿತು. 1980ರ ಜುಲೈ 21ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನರಗುಂದ, ನವಲಗುಂದಗಳಲ್ಲಿ ಈ ಅಸಮಾಧಾನ ಸ್ಫೋಟಗೊಂಡಿತು. ಗೋಲಿಬಾರು ನಡೆದು ರೈತರು ಮಡಿದರು. ಉದ್ರಿಕ್ತ ಜನರ ನಡುವೆ ಸಿಕ್ಕಿ ಪೋಲೀಸರೂ ಪ್ರಾಣ ಕಳೆದುಕೊಂಡರು. ಎರಡೂ ಕಡೆಯ ಮನೆಗಳಲ್ಲಿ ಅಂದು ದೀಪ ಆರಿತು. ಊರಿನ ಮಾತು ತಲುಪಬೇಕಾದ ಕಡೆ ಸಕಾಲದಲ್ಲಿ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊ. ಎಂ. ಡಿ. ನಂಜುಂಡಸ್ವಾಮಿ ಮೊದಲಾದವರು ಅದನ್ನು ಕಟ್ಟಿದರು. ಹೆಗಲ ಮೇಲಿನ ಹಸಿರು ಶಾಲು ಸಂಘದ ಗುರುತಾಯಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರನ್ನು ಪ್ರವೇಶಿಸಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಸಾಲಕ್ಕಾಗಿ ಜಪ್ತಿಯಾದ ಸಾಮಾನುಗಳನ್ನು ರೈತರು ಒಟ್ಟಾಗಿ ಹೋಗಿ ಮರಳಿ ತಂದರು. ಕಚೇರಿಯ ಕಟ್ಟೆಯ ಮೇಲೆ ಕೈಕಟ್ಟಿ ನಿಲ್ಲುತ್ತಿದ್ದವನು ತಲೆಯೆತ್ತಿ ಕಾರಣ ಕೇಳುವವನಾದನು. ಬಾಬಾಗೌಡರು ಉತ್ತರ ಕರ್ನಾಟಕದಲ್ಲಿ ಈ ಸಂಘದ ಪ್ರಮುಖ ನಾಯಕರಲ್ಲಿ ಒಬ್ಬರಾಗಿ ಬೆಳೆದರು.

ಬೀದಿಯಲ್ಲಿ ಕೂಗಿದ ಮಾತನ್ನು ಸದನದಲ್ಲಿ ಆಡುವವರು ಬೇಡವೇ ಎಂಬ ಪ್ರಶ್ನೆ ಆಗ ಎದ್ದಿತು. 1989ರ ವಿಧಾನಸಭಾ ಚುನಾವಣೆಯಲ್ಲಿ ಬಾಬಾಗೌಡರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎಂಬ ಎರಡು ಕ್ಷೇತ್ರಗಳಲ್ಲಿ ನಿಂತು ಎರಡರಲ್ಲಿಯೂ ಗೆದ್ದರು. ಒಬ್ಬನು ಎರಡು ಸ್ಥಾನಗಳನ್ನು ಇಟ್ಟುಕೊಳ್ಳಲು ಕಾಯಿದೆ ಒಪ್ಪುವುದಿಲ್ಲವಾದ್ದರಿಂದ, ಕಿತ್ತೂರನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಟ್ಟರು. ಅಲ್ಲಿ ನಡೆದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರು ಆರಿಸಿಬಂದರು. 224 ಸದಸ್ಯರ ಸಭೆಯಲ್ಲಿ ಆಳುವ ಕಾಂಗ್ರೆಸ್ ಪಕ್ಷದವರು 178 ಮಂದಿ. ಹಸಿರು ಶಾಲಿನವರು ಇಬ್ಬರೇ.

ಇಬ್ಬರಿಂದ ಏನಾದೀತು ಎಂದು ಕೇಳುವವರು ದೂರದ ವೇಲ್ಸ್ ನಾಡಿನತ್ತ ಒಮ್ಮೆ ನೋಡಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸುವ ಸಲುವಾಗಿ ವೇಲ್ಸಿನ ಕಾಪೆಲ್ ಕೆಲಿನ್ ಎಂಬ ಹಳ್ಳಿ 1965ರಲ್ಲಿ ಮುಳುಗಡೆಯಾಯಿತು. ಆ ಯೋಜನೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ವೇಲ್ಸಿನ ಸದಸ್ಯರಲ್ಲಿ ಒಬ್ಬರೂ ಅದರ ಪರವಾಗಿ ಮತ ಹಾಕಿರಲಿಲ್ಲ. ಆದರೂ ಅದು ಅಂಗೀಕಾರವಾಗಿತ್ತು. ಮರುವರ್ಷ ಕಾರ್ಮಾರ್ದೆನ್ ಎಂಬ ಗ್ರಾಮೀಣ ಕ್ಷೇತ್ರದ ಜನ, ಟೊಮೇಟೊ ಬೆಳೆಯುತ್ತಿದ್ದ ಗ್ವಿನ್‌ಫೋರ್ ಎವನ್ಸ್ ಎಂಬವರನ್ನು ಸಂಸತ್ತಿಗೆ ಆರಿಸಿದರು. 630 ಸದಸ್ಯರ ನಡುವೆ ಅವರ ಪಕ್ಷಕ್ಕೆ ಅವರೊಬ್ಬರೇ. ಮುಳುಗಿದ ಹಳ್ಳಿಯನ್ನು ಅವರು ಮೇಲಕ್ಕೆತ್ತಲಾಗಲಿಲ್ಲ. ಆದರೆ ವೇಲ್ಸ್ ಎಂಬುದೊಂದು ನಾಡಿದೆ, ಅದಕ್ಕೆ ಅದರದೇ ನುಡಿಯಿದೆ ಎಂಬುದನ್ನು ಆ ಸಭೆ ಮರೆಯದಂತೆ ಮಾಡಿದರು. ಸಂಖ್ಯೆ ಸಣ್ಣದಾದ ಮಾತ್ರಕ್ಕೆ ಮಾತು ಸಣ್ಣದಾಗಬೇಕಿಲ್ಲ.

ಬಾಬಾಗೌಡರ ಮುಂದಿನ ದಾರಿ ನೇರವಾಗಿರಲಿಲ್ಲ. ನಾಯಕರಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು ಸಂಘ ಒಡೆಯಿತು. ಅವರು ಭಾರತೀಯ ಜನತಾ ಪಕ್ಷವನ್ನು ಸೇರಿ, 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಆಯ್ಕೆಯಾದರು. ಅಟಲ ಬಿಹಾರಿ ವಾಜಪೇಯಿಯವರ ಸರಕಾರದಲ್ಲಿ ಗ್ರಾಮೀಣ ಪ್ರದೇಶಗಳ ಖಾತೆಯ ರಾಜ್ಯ ಸಚಿವರೂ ಆದರು. 1999ರ ಏಪ್ರಿಲ್ 17ರಂದು ಆ ಸರಕಾರ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಸೋತಿತು. ಒಂದು ಮತದಿಂದ ಆಗುವುದೇನು ಎಂದು ಉದಾಸೀನ ತೋರುವವರು ನೆನಪಿಡಬೇಕಾದ ದಿನವದು. ಆ ವರ್ಷದ ಚುನಾವಣೆಯಲ್ಲಿ ಬೆಳಗಾವಿಯ ಸ್ಥಾನ ಕಾಂಗ್ರೆಸ್ಸಿನ ಪಾಲಾಯಿತು. 2021ರ ಮೇ ತಿಂಗಳಿನಲ್ಲಿ ಬಾಬಾಗೌಡರು ನಿಧನರಾದರು.

ಪಕ್ಷವನ್ನು ಸೇರಿದ್ದು ಸರಿಯೇ ತಪ್ಪೇ ಎಂಬ ಬಗ್ಗೆ ಒಮ್ಮತವಿಲ್ಲ. ರೈತನ ಮಾತು ಯಾವ ಪಕ್ಷದ ಆಣತಿಗೂ ಒಳಪಡಬಾರದು ಎಂಬುದು ಒಂದು ವಾದ; ಅಧಿಕಾರವಿಲ್ಲದೆ ಕಾಲುವೆಯಲ್ಲಿ ನೀರು ಹರಿಯದು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಹೊರಗೆ ನಿಂತವನ ಮಾತಿಗೆ ಹರಿತವುಂಟು, ಕೈಗೆ ಬಲವಿಲ್ಲ. ಒಳಗೆ ಹೋದವನ ಕೈಗೆ ಬಲ ಬಂದೀತು, ಮಾತಿನ ಹರಿತ ಮೊಂಡಾದೀತು. ಈ ಇಕ್ಕಟ್ಟು ಜನರ ಹೊರೆ ಹೊತ್ತ ಎಲ್ಲರದೂ ಹೌದು. ಅದನ್ನು ತೂಗಿ ನೋಡುವ ಹಕ್ಕು ಕಳುಹಿಸಿದ ಜನರಿಗೆ ಸೇರಿದ್ದು.

ಇಂದು ಬೆಳಗಾವಿ ನಗರದ ಹೊರವಲಯದಲ್ಲಿ, ಹೆದ್ದಾರಿಯ ಪಕ್ಕದಲ್ಲಿ, 2012ರಲ್ಲಿ ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧ ನಿಂತಿದೆ. ಅಲ್ಲಿ ಅಧಿವೇಶನ ನಡೆಯುವಾಗ ಹೊರಗಿನ ಬಯಲಿನಲ್ಲಿ ಹಸಿರು ಶಾಲುಗಳು ನೆರೆಯುತ್ತವೆ. ಖಾನಾಪುರದ ಶಾಸಕರು ಒಳಗಿನ 224 ಮಂದಿಯಲ್ಲಿ ಒಬ್ಬರು. ಲೋಕಸಭೆಗೆ ಖಾನಾಪುರವೂ ಕಿತ್ತೂರೂ ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿವೆ. ಘಟ್ಟದ ಮೇಲಿನ ಒಕ್ಕಲಿಗನಿಗೂ ಕಡಲ ತಡಿಯ ಬೆಸ್ತನಿಗೂ ಒಬ್ಬರೇ ಪ್ರತಿನಿಧಿ. ದೂರ ಹೆಚ್ಚಿದಷ್ಟೂ ಮಾತು ದಾರಿಯಲ್ಲಿ ಇಂಗಿಹೋಗುವ ಭಯ ಹೆಚ್ಚು.

ಅಂದು ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: “ಮಗೂ, ನೀರು ಇಳಿಜಾರನ್ನು ಹಿಡಿದು ತಾನಾಗಿ ಹೋಗುತ್ತದೆ. ಮಾತು ಏರನ್ನು ಹತ್ತಬೇಕು; ಅದನ್ನು ಹೊರುವವರು ಬೇಕು. ಹೊತ್ತವರು ಅದನ್ನು ಎಲ್ಲಿ ಇಳಿಸಿದರು ಎಂದು ಕೇಳುವವರು ಅದಕ್ಕಿಂತ ಹೆಚ್ಚಾಗಿ ಬೇಕು.” ಅವನು ಕುಳಿತುಕೊಳ್ಳಲಿಲ್ಲ. “ಹಾಗಾದರೆ ನಾವು ಯಾವಾಗ ಕೇಳಬಹುದು?” ಎಂದನು. ಕೇಳಲು ಮತದಾನದ ವಯಸ್ಸಿಗಾಗಿ ಕಾಯಬೇಕಿಲ್ಲ ಎಂದು ಅವನಿಗೆ ಹೇಳಿದೆ. ಇದನ್ನು ಓದುವವರಿಗೂ ಅದನ್ನೇ ಹೇಳುತ್ತೇನೆ.