ಹುಲಿ ಎಷ್ಟು, ಕುರಿ ಎಷ್ಟು? ಮೊದಲು ಲೆಕ್ಕ ಹೊಂದಿಸಿ!

(ನಮ್ಮ ವರದಿಗಾರರಿಂದ)

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ. ಈ ನಾಲ್ಕೂ ತಾಲೂಕಿನಲ್ಲಿ ಗುಡಿ ಕಟ್ಟೆ ಮೇಲೆ ಇದ್ದಲಿಯಿಂದ ಗೆರೆ ಎಳೆದು ಹುಲಿ-ಕುರಿ ಆಡುವವರು ಇನ್ನೂ ಸಿಗುತ್ತಾರೆ. ಆದರೆ ಒಂದೂರಿನವನು ಇನ್ನೊಂದೂರಿನವನ ಎದುರು ಕೂತರೆ ಆಟಕ್ಕಿಂತ ಮೊದಲು ಜಗಳ ಶುರುವಾಗುತ್ತದೆ. "ಮೂರು ಹುಲಿ, ಹದಿನೈದು ಕುರಿ" ಅಂತಾನ ಒಬ್ಬ. "ಅದೆಲ್ಲಿದ ಆಟ? ನಾಕು ಹುಲಿ, ಇಪ್ಪತ್ತು ಕುರಿ" ಅಂತಾನ ಇನ್ನೊಬ್ಬ. ಹುಲಿ ಒಂದೇ ಸಲಕ್ಕೆ ಎರಡು ಕುರಿ ಹಾರಬಹುದೋ ಇಲ್ಲವೋ ಅನ್ನುವುದಕ್ಕೆ ಮತ್ತೊಂದು ತಕರಾರು. ಅಷ್ಟರಲ್ಲಿ ಬಸ್ಸು ಬರುತ್ತದೆ, ಆಟಗಾರ ಏಳುತ್ತಾನೆ, ಆಟ ಅಲ್ಲಿಗೇ ನಿಲ್ಲುತ್ತದೆ.

ಜಾತ್ರೆಯಲ್ಲಿ ಕಬಡ್ಡಿ ಇದೆ, ಕುಸ್ತಿ ಇದೆ, ಹೋರಿ ಬೆದರಿಸುವ ಆಟ ಇದೆ. ಹುಲಿ-ಕುರಿ ಪಂದ್ಯ ಯಾಕಿಲ್ಲ ಅಂತ ಕೇಳಿದರೆ ಉತ್ತರ ಇದೇ. ಕಬಡ್ಡಿಗೆ ಎಲ್ಲ ಊರಿಗೂ ಒಂದೇ ಕಾನೂನು. ಹುಲಿ-ಕುರಿಗೆ ಊರಿಗೊಂದು. ಒಪ್ಪಿದ ಲೆಕ್ಕ ಇಲ್ಲದ ಆಟಕ್ಕೆ ಪಂದ್ಯ ಇಡಲು ಯಾವ ಕಮಿಟಿಯೂ ಮುಂದೆ ಬರುವುದಿಲ್ಲ. ಪಂದ್ಯ ಇಲ್ಲದ ಆಟವನ್ನು ಹುಡುಗರು ಕಲಿಯುವುದಿಲ್ಲ. ಕಲಿಸುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಒಂದು ಹುಲಿಗೆ ಐದು ಕುರಿ

ಈಗ ಜಗಳದ ಬುಡಕ್ಕೆ ಹೋಗೋಣ. ಮುಕ್ಕೋನದ ಮನೆಯಲ್ಲಿ ಮೂರು ಹುಲಿಗೆ ಹದಿನೈದು ಕುರಿ. ಚೌಕದ ಮನೆಯಲ್ಲಿ ನಾಲ್ಕು ಹುಲಿಗೆ ಇಪ್ಪತ್ತು ಕುರಿ. ಭಾಗಿಸಿ ನೋಡಿ, ಎರಡರಲ್ಲೂ ಒಂದು ಹುಲಿಗೆ ಐದು ಕುರಿ. ಹಾಗಾದರೆ ಎರಡೂ ಒಂದೇ ಆಟವಲ್ಲವೇ? ಅಲ್ಲ! ಇಲ್ಲೇ ಎಲ್ಲರೂ ಎಡವುವುದು.

ಕಾಯಿ ಎಣಿಸಿದರೆ ಸಾಲದು, ಖಾಲಿ ಮನೆ ಎಣಿಸಬೇಕು. ಮುಕ್ಕೋನದಲ್ಲಿ ಗೆರೆ ಕೂಡುವ ಜಾಗ 23. ಹುಲಿ ಕುರಿ ಕೂಡಿ 18 ಕಾಯಿ. ಒಂದೂ ಕುರಿ ಸಾಯದೆ ಎಲ್ಲ ಕೂತರೂ ಐದು ಮನೆ ಖಾಲಿ ಉಳಿಯುತ್ತವೆ. ಚೌಕದಲ್ಲಿ ಐದೈದು ಸಾಲು, ಒಟ್ಟು 25 ಮನೆ. ಕಾಯಿ 24. ಒಂದೂ ಕುರಿ ಸಾಯದಿದ್ದರೆ ಉಳಿಯುವುದು ಒಂದೇ ಒಂದು ಮನೆ! ಅಲ್ಲಿ ಹುಲಿಗೆ ಉಸಿರಾಡಲಿಕ್ಕೂ ಜಾಗ ಇಲ್ಲ. ಅದಕ್ಕೇ ಚೌಕದ ಹುಲಿ ಮೊದಲ ಇಪ್ಪತ್ತು ಪಾಳಿಯೊಳಗೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಮೂರು ಕುರಿ ತಿಂದರೆ ನಾಲ್ಕು ಮನೆ ಖಾಲಿಯಾಯಿತು, ಜೀವ ಬಂತು. ಮುಕ್ಕೋನದ ಹುಲಿಗೆ ಅಷ್ಟು ಅವಸರವಿಲ್ಲ.

ಐದು ಕುರಿ ತಿಂದರೆ ಹುಲಿ ಗೆದ್ದಿತು ಅನ್ನುವುದು ಬಹಳ ಕಡೆಯ ರೂಢಿ. ಅದನ್ನೂ ತಕ್ಕಡಿಗೆ ಹಾಕಿ ನೋಡಿ. ಇಪ್ಪತ್ತರಲ್ಲಿ ಐದು ಅಂದರೆ ಕಾಲು ಪಾಲು. ಹದಿನೈದರಲ್ಲಿ ಐದು ಅಂದರೆ ಮೂರರಲ್ಲೊಂದು ಪಾಲು. ಮಾತು ಒಂದೇ, ತೂಕ ಬೇರೆ. ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾರ ಕಡೆ ಕೂತರೆ ಗೆಲುವು?

ಕಟ್ಟೆಯ ಮೇಲೆ ಮುಗಿಯದ ವಾದ ಇದು. "ಹುಲಿ ಕಡೆ ಕೊಡ್ರಿ, ಕುರಿ ಅಂದ್ರ ಬರೇ ಸಾಯೋ ಕೆಲಸ" ಅನ್ನುವವರು ಅರ್ಧ ಮಂದಿ. "ಹುಲಿ ಎಷ್ಟು ತಿಂದರೂ ಕೊನಿಗೆ ಕಟ್ಟಿ ಹಾಕತೀವಿ" ಅನ್ನುವವರು ಇನ್ನರ್ಧ.

ಕುರಿ ಕಡೆಯವರ ಜಾಣತನ ಇರುವುದು ಕಾಯಿ ಇಡುವ ಕ್ರಮದಲ್ಲಿ. ಎಲ್ಲ ಕುರಿ ಮನೆ ಸೇರುವ ತನಕ ಇಟ್ಟ ಕುರಿ ಜರುಗುವಂತಿಲ್ಲ. ಆದ್ದರಿಂದ ಮೊದಲ ಕುರಿಗಳು ಅಂಚಿಗೆ ಹೋಗಬೇಕು. ಕಾರಣ ಸರಳ. ಹುಲಿ ಹಾರಲು ಕುರಿಯ ಆಚೆ ಅದೇ ಗೆರೆಯಲ್ಲಿ ಒಂದು ಖಾಲಿ ಮನೆ ಬೇಕು. ಚೌಕದ ಮೂಲೆಯಲ್ಲಿ ಗೆರೆ ಮುಗಿದು ಹೋಗುತ್ತದೆ, ಮೂಲೆಯ ಕುರಿಯನ್ನು ಯಾವ ಹುಲಿಯೂ ಮುಟ್ಟಲಾರದು. ಅಂಚಿನ ಕುರಿಯನ್ನು ಅಂಚಿನ ಗುಂಟ ಮಾತ್ರ ಹಾರಬಹುದು. ನಟ್ಟನಡುವೆ ಒಂಟಿ ಕುರಿ ಇಟ್ಟವನು ಹುಲಿಗೆ ಎಡೆ ಇಟ್ಟಂತೆ. ಹುಷಾರಿ ಆಟಗಾರ ಒಮ್ಮೊಮ್ಮೆ ಬೇಕಂತಲೇ ಒಂದು ಕುರಿ ಕೊಡುತ್ತಾನೆ. ಹುಲಿ ಹಾರಿ ಬಂದು ಕೂತ ಜಾಗದಲ್ಲೇ ಸುತ್ತ ಬೇಲಿ ಕಟ್ಟುತ್ತಾನೆ.

ಹುಲಿ ಕಡೆಯವರು ಮಾಡುವ ತಪ್ಪು ಆಸೆ. ಸಿಕ್ಕ ಕುರಿಯ ಹಿಂದೆ ಹೋಗಿ ಎಲ್ಲ ಹುಲಿ ಒಂದೇ ಮೂಲೆಗೆ ಸೇರುತ್ತವೆ. ಹುಲಿ ದೂರ ದೂರ ಇರಬೇಕು, ನಡುಮನೆ ಬಿಡಬಾರದು. ಒಂದು ಹುಲಿ ಕಟ್ಟಿದರೆ ಸೋತಂತಲ್ಲ, ಆದರೆ ಉಳಿದವು ಅದನ್ನು ಬಿಡಿಸುವಷ್ಟು ಹತ್ತಿರ ಇರಬೇಕು.

ಹಾಗಾದರೆ ಯಾವ ಕಡೆ ಬಲ ಹೆಚ್ಚು? ನಮ್ಮ ಚೌಕದ ಆಟವನ್ನೇ ನೇಪಾಳದಲ್ಲಿ ಬಾಘ್‌ಚಾಲ್ ಅಂತ ಆಡುತ್ತಾರೆ. ನಾಲ್ಕು ಹುಲಿ, ಇಪ್ಪತ್ತು ಆಡು. ಇದರ ನಡೆಗಳನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮ ಅನ್ನುವುದು ಅದರ ತೀರ್ಮಾನ. ಅಂದರೆ ಹುಲಿಯದ್ದೂ ತಪ್ಪಿಲ್ಲ, ಕುರಿಯದ್ದೂ ತಪ್ಪಿಲ್ಲ. ಸೋತವನು ಆಡಿ ಸೋತದ್ದು!

ದಂಡಿನ ಪಟ್ಟಿ ಹಳೆಯ ಸಂಗತಿ

ಎಷ್ಟು ಕಾಯಿಗೆ ಎಷ್ಟು ಕಾಯಿ ಅನ್ನುವ ತಲೆಬಿಸಿ ಇಂದಿನದಲ್ಲ. ಭಾರತದ ಕಥೆಯಲ್ಲಿ ಸೈನ್ಯದ ಚಿಕ್ಕ ಘಟಕದ ಹೆಸರು ಪತ್ತಿ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಅಲ್ಲೂ ಒಂದಕ್ಕೆ ಐದು ನೋಡಿ! ಇಂಥ 21,870 ಪತ್ತಿ ಸೇರಿದರೆ ಒಂದು ಅಕ್ಷೌಹಿಣಿ. ಕೌರವರಿಗೆ ಹನ್ನೊಂದು, ಪಾಂಡವರಿಗೆ ಏಳು. ಅದರ ಮೇಲೆ ದುರ್ಯೋಧನ ಕೃಷ್ಣನ ದಂಡನ್ನು ಆರಿಸಿಕೊಂಡ, ಅರ್ಜುನ ಆಯುಧ ಹಿಡಿಯದ ಕೃಷ್ಣನನ್ನು ಆರಿಸಿಕೊಂಡ. ಪಟ್ಟಿಯಲ್ಲಿ ಗೆದ್ದವನು ಯಾರು, ರಣದಲ್ಲಿ ಗೆದ್ದವನು ಯಾರು ಅಂತ ದೊಡ್ಡಾಟ ನೋಡಿದ ಮಕ್ಕಳಿಗೂ ಗೊತ್ತು.

ಹಲಗೆ ಮುಂದಿನ ಜಗಳ ಕೂಡ ಹಾನಗಲ್ಲಿಗೆ ಹೊಸದಲ್ಲ. ಶಾಸನಗಳಲ್ಲಿ ಈ ಊರಿಗೆ ವಿರಾಟಕೋಟೆ, ವಿರಾಟನಗರಿ ಅನ್ನುವ ಹೆಸರುಂಟು. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅನ್ನುವುದು ಜನರ ನಂಬಿಕೆ. ಆ ಕಥೆಯಲ್ಲಿ ವಿರಾಟರಾಜ ಕಂಕಭಟ್ಟನ ಜೊತೆ ಪಗಡೆಗೆ ಕೂತಿದ್ದಾಗ ಕೌರವರನ್ನು ಗೆದ್ದದ್ದು ಯಾರು ಅನ್ನುವ ಮಾತು ಬಂತು. ತನ್ನ ಮಗ ಉತ್ತರ ಅಂದ ರಾಜ. ಬೃಹನ್ನಳೆ ಅಂದ ಕಂಕ. ಸಿಟ್ಟಿಗೆದ್ದ ರಾಜ ದಾಳವನ್ನೇ ಮುಖಕ್ಕೆ ಎಸೆದು ರಕ್ತ ಬರಿಸಿದ. ನಮ್ಮ ಕಟ್ಟೆಯ ಜಗಳ ಅಲ್ಲಿಯ ತನಕ ಹೋಗದಿರಲಿ.

ಇತಿಹಾಸದಲ್ಲೂ ಪಾಠ ಉಂಟು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿನ ಆನೆಕೆರೆ ಹತ್ತಿರ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡು ಅವನನ್ನು ಒಮ್ಮೆ ಹಿಂದಕ್ಕೆ ಅಟ್ಟಿತು. ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಮಡಿದ. ಅಂಚು ಹಿಡಿದು ಕೂತ ಕುರಿಯ ಆಟ ಅದು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಬಂದು ನಿಂತವು, ನವಾಬ ಸಂಧಿಗೆ ಬರಬೇಕಾಯಿತು. ಎದುರಾಳಿಯ ಪಟ್ಟಿಯಲ್ಲಿ ತನ್ನ ಬಳಿ ಇಲ್ಲದ ಹೊಸ ಕಾಯಿ ಬಂದರೆ ಹೀಗೇ ಆಗುವುದು. 1764ರಲ್ಲಿ ಅಂದಿನ ಹಿರೇಕೆರೂರ ಸೀಮೆಯ ರಟ್ಟೀಹಳ್ಳಿ ಬಳಿ ಹೈದರನಂಥ ಹೈದರನೇ ಪೇಶ್ವೆ ಮಾಧವರಾಯನ ದಂಡಿಗೆ ಸೋತ. ಇನ್ನು ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ತಮ್ಮ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಹಚ್ಚಿದ ಪಂದ್ಯ ಎಲ್ಲರಿಗೂ ಗೊತ್ತು. ಆರು ತಿಂಗಳು ಸೆರೆಯಲ್ಲಿಟ್ಟಾಗ ತಾಳಿದ್ದು ರಾಗಿ. ಕುರಿ ಕಡೆ ಕೂತವರಿಗೆ ಬೇಕಾದ ಗುಣ ಅದೇ ತಾಳಿಕೆ.

ಇಂಗ್ಲೆಂಡಿನವರು ಹೇಗೆ ಹೊಂದಿಸಿಕೊಂಡರು?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗೇಮ್ಸ್ ವರ್ಕ್‌ಶಾಪ್ ಅನ್ನುವ ಕಂಪನಿ ಇದೆ. 1983ರಲ್ಲಿ ವಾರ್‌ಹ್ಯಾಮರ್ ಅನ್ನುವ ಆಟ ಹೊರತಂದಿತು. ಮೇಜಿನ ಮೇಲೆ ಬೆರಳುದ್ದದ ಬೊಂಬೆ ಸೈನಿಕರು, ರಾಕ್ಷಸರು, ಕುಬ್ಜರು, ರೆಕ್ಕೆಯ ಸರ್ಪಗಳು. ದಾಳ ಹಾಕಿ, ಟೇಪು ಹಿಡಿದು ಅಳೆದು ಯುದ್ಧ ಆಡುವುದು. ಅಲ್ಲಿ ಒಬ್ಬೊಬ್ಬ ಸೈನಿಕನಿಗೂ ಅಂಕದ ಬೆಲೆ ಕಟ್ಟಿದ್ದಾರೆ. ಈಗಿನ ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗೂ 2,000 ಅಂಕದ ಸಂತೆ ಚೀಲ. ಅದರಲ್ಲಿ ಬೇಕಾದವನು ನಾಲ್ಕು ಭಾರೀ ರಾಕ್ಷಸರನ್ನು ಕೊಳ್ಳಲಿ, ಬೇಕಾದವನು ನೂರು ಅಗ್ಗದ ಕಾಲಾಳು ಕೊಳ್ಳಲಿ. ಪಂದ್ಯಕ್ಕೆ ಮೊದಲು ಪಟ್ಟಿ ಬರೆದು ಕೊಡಬೇಕು, ಆಮೇಲೆ ಬದಲಿಲ್ಲ.

ಅಲ್ಲಿಯ ಜನ ರಾತ್ರಿಯಿಡೀ ವಾದ ಮಾಡುವುದೂ ಇದೇ. ದೊಡ್ಡದು ಕೆಲವು ಒಳ್ಳೆಯದೋ, ಸಣ್ಣದು ಹಲವು ಒಳ್ಳೆಯದೋ? ನಮ್ಮ ಹುಲಿ-ಕುರಿ ವಾದವೇ, ವೇಷ ಬೇರೆ! ಯಾವುದಾದರೂ ಕಾಯಿ ಕೊಟ್ಟ ಬೆಲೆಗಿಂತ ಹೆಚ್ಚು ಗೆದ್ದುಕೊಡುತ್ತಿದೆ ಅಂತ ಕಂಡರೆ ಕಂಪನಿಯವರು ಬೆಲೆ ಏರಿಸುತ್ತಾರೆ. ವಾದ ಇದ್ದೇ ಇದೆ, ಆದರೆ ಆಟ ನಿಲ್ಲುವುದಿಲ್ಲ. ಯಾಕಂದ್ರ ಲೆಕ್ಕ ಕಾಗದದ ಮೇಲೆ ಐತಿ.

ಐದು ಮಾತು ಒಪ್ಪಿದರೆ ಸಾಕು

ನಮಗೆ ಅಷ್ಟು ದೊಡ್ಡ ಪುಸ್ತಕ ಬೇಡ. ಕಾಯಿಗೆ ಹುಣಸೆ ಬೀಜ, ಬೆಣಚುಕಲ್ಲು ಸಾಕು. ನಾಲ್ಕು ತಾಲೂಕಿನ ಆಟ ಬಲ್ಲವರು ಒಂದು ದಿನ ಕೂತು ಐದು ಮಾತು ತೀರ್ಮಾನಿಸಲಿ.

ಒಂದು, ಪಂದ್ಯಕ್ಕೆ ಯಾವ ಮನೆ? ಚೌಕವಾದರೆ ಚೌಕ, ಮುಕ್ಕೋನವಾದರೆ ಮುಕ್ಕೋನ, ಅದಕ್ಕೆ ತಕ್ಕ ಕಾಯಿ.

ಎರಡು, ಎಷ್ಟು ಕುರಿ ಸತ್ತರೆ ಹುಲಿಗೆ ಗೆಲುವು? ಚೌಕಕ್ಕೆ ಐದು ಸರಿ. ಮುಕ್ಕೋನಕ್ಕೆ ಬೇರೆ ಲೆಕ್ಕ ಬೇಕಾದೀತು.

ಮೂರು, ಹುಲಿ ಒಂದೇ ಪಾಳಿಗೆ ಎರಡು ಹಾರಬಹುದೇ? ಹೌದು ಅಂದರೆ ಎಲ್ಲರಿಗೂ ಹೌದು.

ನಾಲ್ಕು, ಅದೇ ಕುರಿ ಅತ್ತ ಇತ್ತ, ಅದೇ ಹುಲಿ ಅತ್ತ ಇತ್ತ ಆಡುತ್ತಾ ಸಂಜೆ ಮಾಡುವವರಿಗೆ ಕಡಿವಾಣ. ಒಂದೇ ನೋಟ ಮೂರು ಸಲ ಬಂದರೆ ಸಮ ಅಂತ ಬರೆದು ಏಳಿಸಬೇಕು.

ಐದು, ಎಲ್ಲಕ್ಕಿಂತ ಮುಖ್ಯ, ಜೋಡಿ ಆಟ. ಒಬ್ಬರಿಗೊಬ್ಬರು ಎರಡಾಟ ಆಡಬೇಕು, ಒಮ್ಮೆ ಹುಲಿ, ಒಮ್ಮೆ ಕುರಿ. ಇಬ್ಬರೂ ಕುರಿಯಾಗಿ ಗೆದ್ದರೆ ಕಡಿಮೆ ಕುರಿ ಕಳೆದುಕೊಂಡವನೇ ಮೇಲು. ಆಗ ಯಾವ ಕಡೆ ಬಲ ಅನ್ನುವ ವಾದಕ್ಕೆ ಪಂದ್ಯದಲ್ಲಿ ಜಾಗವೇ ಇರುವುದಿಲ್ಲ. ವಾದ ಬೇಕಾದವರು ಚಹಾದಂಗಡಿಯಲ್ಲಿ ಮುಂದುವರಿಸಲಿ.

ಇನ್ನೊಂದು ಮಾತು. ರೊಕ್ಕ ಹಚ್ಚಿ ಆಡುವುದು ಬೇಡ. ರೊಕ್ಕ ಬಂದಲ್ಲಿ ಪೊಲೀಸರು ಬರುತ್ತಾರೆ, ಪೊಲೀಸರು ಬಂದಲ್ಲಿ ತಾಯಂದಿರು ಮಕ್ಕಳನ್ನು ಕಳಿಸುವುದಿಲ್ಲ. ಗೆದ್ದವನಿಗೆ ಒಂದು ಶಾಲು, ಒಂದು ತೆಂಗಿನಕಾಯಿ ಸಾಕು.

ಮೈಸೂರಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅನ್ನುವ ಹೆಸರಿನಲ್ಲಿ ಇಂಥ ಹಳೆ ಮಣೆ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ನೋಡಿ ಮೆಚ್ಚಿಕೊಳ್ಳುವ ಆಟ ನಮ್ಮಲ್ಲಿ ಇನ್ನೂ ಆಡುವ ಆಟ. ಮೊಬೈಲಿನಲ್ಲೂ ಹುಲಿ-ಕುರಿ ಬಂದಿದೆ. ಆದರೆ ಅದರಲ್ಲಿ ಇರುವುದು ಅದನ್ನು ಮಾಡಿದವನ ಲೆಕ್ಕ, ನಮ್ಮೂರಿನದಲ್ಲ. ನಮ್ಮ ಹಿರಿಯರ ತಲೆಯಲ್ಲಿರುವ ಲೆಕ್ಕ ಅವರಿರುವಾಗಲೇ ಕಾಗದಕ್ಕೆ ಇಳಿಯಬೇಕು.

ಜಾತ್ರೆ ಕಮಿಟಿಯವರೇ, ಶಾಲೆಯ ಮಾಸ್ತರರೇ, ಬರುವ ಹಂಗಾಮಿನ ಮೊದಲ ಸಭೆಯಲ್ಲಿ ಕುಸ್ತಿ ಕಣದ ಖರ್ಚಿನ ಜೊತೆ ಇದನ್ನೂ ಒಂದು ವಿಷಯ ಅಂತ ಬರೆದುಕೊಳ್ಳಿ. ಖರ್ಚು ಏನೂ ಇಲ್ಲ. ಕಟ್ಟೆ ಐತಿ, ಕಲ್ಲು ಐತಿ, ಆಡೋರೂ ಅದಾರ. ಲೆಕ್ಕ ಒಂದು ಹೊಂದಬೇಕು.