ಮೈಕ್ರೋಕಂಟ್ರೋಲರ್ ಬೋರ್ಡನ್ನು ಕೊಳ್ಳುವ ಮುನ್ನ

ಹೊಲದ ಮಣ್ಣಿನ ತೇವವನ್ನು ಅಳೆದು ತೋರಿಸುವ ಸಣ್ಣ ಯಂತ್ರವನ್ನು ತಾವೇ ಕಟ್ಟಬೇಕೆಂದು ರೈತರ ಮನೆಗಳ ವಿದ್ಯಾರ್ಥಿಗಳು ಬಯಸುವುದುಂಟು. ಇದು ಪ್ರೋತ್ಸಾಹಿಸತಕ್ಕ ಹವ್ಯಾಸವೇ ಸರಿ. ಆದರೆ ಹಣ ಕೊಡತಕ್ಕವರು ಮನೆಯ ಯಜಮಾನರಾದುದರಿಂದ, ಯಾವುದನ್ನು ಯಾವ ಕ್ರಮದಲ್ಲಿ ಕೊಳ್ಳಬೇಕೆಂಬುದನ್ನು ಅವರೂ ತಿಳಿದಿರುವುದು ಅವಶ್ಯಕ.

ಈ ಕೆಲಸಕ್ಕೆ ಮೂರು ಸಾಧನಗಳು ಬೇಕು. ಮೊದಲನೆಯದು, ಮೈಕ್ರೋಕಂಟ್ರೋಲರ್ ಎಂಬ ಚಿಪ್ ಇರುವ ಬೋರ್ಡು. ಎರಡನೆಯದು ಕಂಪೈಲರ್; ಇದು ಮನುಷ್ಯನು ಬರೆದ ಆಜ್ಞೆಗಳನ್ನು ಚಿಪ್ ಅರಿಯುವ ಸಂಕೇತಗಳನ್ನಾಗಿ ಮಾರ್ಪಡಿಸುವುದು. ಮೂರನೆಯದು ಪ್ರೋಗ್ರಾಮರ್, ಇದು ಆ ಸಂಕೇತಗಳನ್ನು ಚಿಪ್ಪಿನೊಳಕ್ಕೆ ತುಂಬುವುದು. ಅಗ್ಗವೆಂದು ಬರಿಯ ಚಿಪ್ ಕೊಂಡು ಉಳಿದೆರಡನ್ನು ವಿಚಾರಿಸದಿದ್ದಲ್ಲಿ, ಅದು ಬಾವಿಯಿಲ್ಲದ ಹೊಲದ ಏತದಂತೆ ನಿರುಪಯೋಗವಾಗುವುದು.

ಕಂಪೈಲರ್: ಇದನ್ನು ಮೊದಲು ಪರೀಕ್ಷಿಸತಕ್ಕದ್ದು. ಆರ್ಡುಯಿನೋ ತಂತ್ರಾಂಶವು ಉಚಿತವಾಗಿ ದೊರೆಯುವುದು. ಬೋರ್ಡು ಇಲ್ಲದಿದ್ದರೂ ಅದರಲ್ಲಿನ ಮಾದರಿ ಪ್ರೋಗ್ರಾಮನ್ನು ಮನೆಯ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ ನೋಡಬಹುದು. ಆ ಕೆಲಸ ಸರಾಗವಾಗಿ ನಡೆದ ಮೇಲೆಯೇ ಹಣ ಖರ್ಚು ಮಾಡುವುದು ಲೇಸು. ಕಾಲೇಜುಗಳಲ್ಲಿ ಕಲಿಸುವ ೮೦೫೧ ಜಾತಿಯ ಚಿಪ್‌ಗಳಿಗೆ ಎಸ್‌ಡಿಸಿಸಿ ಎಂಬ ಉಚಿತ ಕಂಪೈಲರ್ ಉಂಟು.

ಪ್ರೋಗ್ರಾಮರ್: ೨೦೧೦ರಲ್ಲಿ ಹೊರಬಂದ ಆರ್ಡುಯಿನೋ ಊನೋ ಬೋರ್ಡಿನ ಚಿಪ್‌ನಲ್ಲಿ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಮು ಮೊದಲೇ ಇರುವುದರಿಂದ, ಯುಎಸ್‌ಬಿ ತಂತಿಯೊಂದೇ ಸಾಕು, ಪ್ರತ್ಯೇಕ ಪ್ರೋಗ್ರಾಮರ್ ಬೇಡ. ಮುಂದೆ ಬರಿಯ ಚಿಪ್ ಬಳಸಬೇಕಾದಾಗ ಈ ಬೋರ್ಡನ್ನೇ ಪ್ರೋಗ್ರಾಮರ್ ಆಗಿ ಉಪಯೋಗಿಸಬಹುದು. ೨೦೨೧ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡನ್ನು, ಅದರ ಗುಂಡಿಯನ್ನೊತ್ತಿ ಹಿಡಿದು ಕಂಪ್ಯೂಟರಿಗೆ ಜೋಡಿಸಿದಲ್ಲಿ, ಅದು ಪೆನ್ ಡ್ರೈವಿನಂತೆ ಕಾಣಿಸುವುದು. ಕಡತವನ್ನು ಅದಕ್ಕೆ ನಕಲು ಮಾಡಿದರಾಯಿತು.

ಬೋರ್ಡು: ಊನೋದಲ್ಲಿ ಪ್ರೋಗ್ರಾಮಿಗೆ ೩೨ ಕಿಲೋಬೈಟ್, ಕೆಲಸದ ನೆನಪಿಗೆ ೨ ಕಿಲೋಬೈಟ್ ಸ್ಥಳವಿರುವುದು. ತೇವವನ್ನು ಅಳೆಯಲು ಇದು ಧಾರಾಳವಾಗಿ ಸಾಕು. ಪಿಕೋದಲ್ಲಿ ಕೆಲಸದ ನೆನಪು ೨೬೪ ಕಿಲೋಬೈಟ್. ವೈಫೈ ಮೂಲಕ ವರದಿ ಕಳುಹಿಸಬೇಕಾದಲ್ಲಿ ಇಎಸ್‌ಪಿ ೩೨ ಬೋರ್ಡು ಅನುಕೂಲ. ಊನೋ ೫ ವೋಲ್ಟಿನಲ್ಲಿಯೂ ಉಳಿದೆರಡು ೩.೩ ವೋಲ್ಟಿನಲ್ಲಿಯೂ ಕೆಲಸ ಮಾಡುವುವು. ೫ ವೋಲ್ಟ್ ಹೊರಡಿಸುವ ಸೆನ್ಸರನ್ನು ಇವೆರಡಕ್ಕೆ ನೇರವಾಗಿ ಜೋಡಿಸಿದಲ್ಲಿ ಚಿಪ್ ಕೆಡುವುದು.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು:
೧. ಯುಎಸ್‌ಬಿ ತಂತಿಯು ಚಾರ್ಜಿಗೆ ಮಾತ್ರ ಮೀಸಲಾದುದಾಗಿರಕೂಡದು. ಅದರಿಂದ ಪ್ರೋಗ್ರಾಮು ಹೋಗುವುದಿಲ್ಲ.
೨. ಊನೋದ ಅಗ್ಗದ ಪ್ರತಿರೂಪಗಳಲ್ಲಿ ಸಾಮಾನ್ಯವಾಗಿ ಸಿಎಚ್ ೩೪೦ ಎಂಬ ಚಿಪ್ ಇರುವುದು; ಕಂಪ್ಯೂಟರಿನಲ್ಲಿ ಅದರ ಡ್ರೈವರ್ ಇಲ್ಲದಿದ್ದಲ್ಲಿ ಹಾಕಿಕೊಳ್ಳಬೇಕು.
೩. ಎರಡು ಬರಿ ಲೋಹದ ಕಡ್ಡಿಗಳುಳ್ಳ ತೇವದ ಸೆನ್ಸರು ಮಣ್ಣಿನಲ್ಲಿ ಬೇಗ ಸವೆಯುವುದು. ಕೆಪಾಸಿಟಿವ್ ಜಾತಿಯದು ಬಾಳುವುದು.

ಎಚ್ಚರಿಕೆ: ಊನೋದ ಒಂದು ಪಿನ್ನಿನಿಂದ ೨೦ ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಕೂಡದು. ನೀರಾವರಿ ಪಂಪಿನ ಮೂರು ಫೇಸಿನ ವಿದ್ಯುತ್ತು ಸುಮಾರು ೪೧೫ ವೋಲ್ಟ್ ಇರುವುದು. ಹುಡುಗರು ಬೋರ್ಡನ್ನು ಪಂಪಿನ ಸ್ಟಾರ್ಟರಿಗೆ ಜೋಡಿಸಲು ಯತ್ನಿಸುವುದು ಪ್ರಾಣಾಪಾಯಕರ. ಅಂತಹ ಕೆಲಸವನ್ನು ಲೈಸೆನ್ಸ್ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ತೇವವನ್ನು ಯಂತ್ರವು ತೋರಿಸಲಿ; ಪಂಪನ್ನು ಮನುಷ್ಯನೇ ಹಾಕಲಿ.

ಆದುದರಿಂದ, ಮೊದಲು ಕಂಪೈಲರನ್ನು ಪರೀಕ್ಷಿಸಿ, ಬಳಿಕ ಒಂದು ಊನೋ ಬೋರ್ಡನ್ನೂ ಒಂದು ತಂತಿಯನ್ನೂ ಮಾತ್ರ ಕೊಂಡು, ಬೋರ್ಡಿನ ಮೇಲಣ ದೀಪವನ್ನು ಮಿನುಗಿಸಿ ನೋಡುವುದು ಕ್ರಮ. ಅದು ಸಾಧಿಸಿದ ಮೇಲೆ ಸೆನ್ಸರಿಗೆ ಹಣ ಕೊಡಬಹುದು. ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದಲ್ಲಿ, ಕೊಳ್ಳುವ ಮುನ್ನ ಹುಡುಗರಿಗೆ ಅಲ್ಲಿ ಅಭ್ಯಾಸಕ್ಕೆ ಅವಕಾಶ ದೊರಕಿಸಿಕೊಡುವುದು ಗ್ರಾಮದ ಮುಖಂಡರಿಗೆ ಉಚಿತವಾದ ಕಾರ್ಯ.